ನೋವಿಲ್ಲದ ಬೆನ್ನುಗಳು

ಫೆಬ್ರವರಿ 6

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳು ನಾನು, ಈಗ ಅರವತ್ತೆಂಟು ವಯಸ್ಸು, ದಿನಾ ಒಂದು ಪುಟ ಬರೆಯಿರಿ ಅಂತ ಹುಕುಂ. ಹೇಳಿದವಳು ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಮೇಡಂ. ಮೊದಲ ದಿನವೇ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಿ, ಹಿಸುಕಿ ಅಂದಳು. ಅವತ್ತಿಂದ ನನಗೆ ಅವಳು ಚೆಂಡು ಮೇಡಂ. ಕುತ್ತಿಗೆಯಲ್ಲಿ ನರ ಒತ್ತಿಕೊಂಡು ಬಲಗೈ ಮರಗಟ್ಟಿತ್ತು. ಆಪರೇಷನ್ ಆಯಿತು. ಈಗ ಬೆರಳಿಗೆ ಜೀವ ಬರಬೇಕಾದರೆ ಪೆನ್ನು ಹಿಡಿಯಬೇಕಂತೆ.

"ಏನು ಬರೀಲಿ?" ಅಂದೆ.

"ಮನಸ್ಸಿಗೆ ಬಂದದ್ದು ಬರೀರಿ. ಯಾರಿಗೂ ತೋರಿಸಬೇಡಿ, ನನಗೂ ಬೇಡ" ಅಂದಳು.

ಅದೊಂದು ಪುಣ್ಯ. ನನ್ನ ಮನಸ್ಸಿಗೆ ಬರೋದನ್ನು ಓದಿದರೆ ಅವಳೇ ಕಿವಿ ಮುಚ್ಚಿಕೊಳ್ಳಬೇಕು.

ಅಕ್ಷರ ಕೋಳಿ ಕೆದರಿದ ಹಾಗಿದೆ. ಸಾಕು.

ಫೆಬ್ರವರಿ 7

ಬರೆದೆ. ಆಯಿತು.

ಫೆಬ್ರವರಿ 11

ಇವತ್ತು ಮಾಲೀಶಿನ ಕೋಣೆಯ ಬಾಗಿಲು ತೆಗೆದೆ. ತಂಗಿ ಬೇಡ ಅಂದಳು. "ಇನ್ನೂ ಸ್ವಲ್ಪ ದಿನ ಇರಕ್ಕ, ಬರೋರು ಎಲ್ಲೂ ಓಡಿಹೋಗಲ್ಲ." ನಾನು ಕೇಳುವವಳೇ? ಮಾಲೀಶು ನಮ್ಮಮ್ಮ ನಮ್ಮಿಬ್ಬರಿಗೂ ಕಲಿಸಿದ ಕೆಲಸ. ಒಂದೇ ಮನೆ, ಒಂದೇ ಕಸುಬು, ಇಬ್ಬರೂ ಅದರಲ್ಲೇ ಮುದುಕಿಯರಾದೆವು. ಬೀದಿ ಕಡೆಯ ಕೋಣೆಯಲ್ಲಿ ಬೆಂಚಿನ ಪಕ್ಕ ನಿಲ್ಲುವವಳು ನಾನು. ಎಣ್ಣೆ ಹದ ಮಾಡಿ, ಬಟ್ಟೆ ಒಗೆದು, ಜನ ಜಾಸ್ತಿಯಾದಾಗ ಒಂದೆರಡು ಕಾಲು ನೀವುವವಳು ಅವಳು. ಅವಳ ಕೈ ಮೆತ್ತಗೆ. ಮಕ್ಕಳಿಗೆ ಸರಿ. ದುಡಿದ ಬೆನ್ನಿಗೆ ನನ್ನ ಕೈಯೇ ಆಗಬೇಕು ಅಂತ ಹೆಂಗಸರು ಕಾದು ಕೂರುತ್ತಿದ್ದರು.

ಮೊದಲು ಬಂದವಳು ನರ್ಸಮ್ಮ. ರೋಗಿಗಳನ್ನು ಎತ್ತಿ ಇಳಿಸಿ ಅವಳ ಸೊಂಟ ಯಾವಾಗಲೂ ಬಿಗಿದ ಹಗ್ಗ. ಅವಳಿಗೆ ಬರೀ ಎಳ್ಳೆಣ್ಣೆ, ಆದರೆ ಬಿಸಿ ಇರಬೇಕು. ಬಿಸಿ ಬಿದ್ದರೆ ಅರ್ಧ ಬಿಗಿ ಅಲ್ಲೇ ಬಿಡುತ್ತೆ. ಬಿಸಿನೀರಲ್ಲಿ ಬಟ್ಟಲಿಟ್ಟೆ, ಯಾವಾಗಿನ ಹಾಗೆ ಬಲಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿದೆ. ತಣ್ಣಗೆ. ಮತ್ತೆ ಇಟ್ಟೆ. ತಣ್ಣಗೆ. ಕೊನೆಗೆ ಬಟ್ಟಲನ್ನೇ ಒಲೆ ಮೇಲೆ ಕೂರಿಸಿದೆ. ಈ ಒಲೆಗೂ ನನ್ನ ಹಾಗೇ ವಯಸ್ಸಾಯಿತು, ಬದಲಾಯಿಸಬೇಕು.

ಎಣ್ಣೆ ಸುರಿದ ಕೂಡಲೇ ನರ್ಸಮ್ಮ ದಡಬಡ ಎದ್ದು ಕೂತಳು. ಏನೋ ಡ್ಯೂಟಿ ನೆನಪಾಯಿತಂತೆ. ಅಂಗಿ ತಿರುಗಾಮುರುಗಾ ತೊಟ್ಟುಕೊಂಡು ಹೋದಳು. ಮುಖ ಕೆಂಪಗಾಗಿತ್ತು. ಅಷ್ಟು ಹೆದರಿಕೊಂಡು ಯಾಕಾದರೂ ನೌಕರಿ ಮಾಡುತ್ತಾರೋ. ತಂಗಿ ಅವಳ ಹಿಂದೆಯೇ ಗೇಟಿನವರೆಗೆ ಓಡಿದಳು. ನನ್ನ ಕೈಗೆ ಒಂದು ಗಳಿಗೆಯ ಕೆಲಸವೂ ಸಿಗಲಿಲ್ಲ.

ಫೆಬ್ರವರಿ 16

ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಯಿತಂತೆ. ಬಸ್ ಕಂಡಕ್ಟರಮ್ಮ ಮಗಳ ಮನೆಗೆ ಹೋಗಿ ಅಲ್ಲೇ ನೆಲೆಸಿದಳಂತೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕತಂಗಿಯರಿಬ್ಬರಿಗೂ ಪುರುಸೊತ್ತಿಲ್ಲವಂತೆ. ಎಲ್ಲಾ ಸುದ್ದಿ ತಂಗಿಯ ಬಾಯಿಂದಲೇ. ಇಷ್ಟು ವರ್ಷ ಮೈ ಒಪ್ಪಿಸಿದವರು, ಹೋಗುವಾಗ ಒಂದು ಮಾತು ಹೇಳಬಾರದೇ?

ಹೊಸಬರು ಬರುತ್ತಿದ್ದಾರೆ, ಬೇಜಾರು ಮಾಡ್ಕೋಬೇಡ ಅಂದಳು ತಂಗಿ. ಇನ್ನು ಮೇಲೆ ಎಣ್ಣೆ ಕಾಯಿಸಿ ನಾನೇ ತಂದಿಡ್ತೀನಿ, ನೀನು ಒಲೆಯ ತಂಟೆಗೆ ಹೋಗಬೇಡ ಅಂತಲೂ ಅಂದಳು. ರಾಣಿಯ ಉಪಚಾರ.

ಜೊತೆಗೆ ಇನ್ನೊಂದು ಹುಚ್ಚು. ಮಧ್ಯಾಹ್ನ ಹಿಂದಿನ ಬೀದಿಯ ದರ್ಜಿ ಅಂಗಡಿಗೆ ಹೊಲಿಗೆ ಕಲಿಯೋಕೆ ಹೋಗುತ್ತಾಳಂತೆ. ಅರವತ್ತು ದಾಟಿದ ಮೇಲೆ. "ಯಾರಿಗೆ ಹೊಲೀತೀಯೇ?" ಅಂದೆ. "ನಿನ್ನ ಬಾಯಿಗೆ" ಅಂದಳು. ನಗು ಬಂತು, ತೋರಿಸಲಿಲ್ಲ.

ಫೆಬ್ರವರಿ 22

ಹೊಸಬರಲ್ಲಿ ಇವತ್ತಿನವಳು ಟೋಪಿಯವಳು. ಬಿಸಿಲಿಗೆ ಟೋಪಿ ಹಾಕಿಕೊಂಡು ಬಂದಳು, ಬೆಂಚಿನ ಮೇಲೆ ಮಲಗುವವರೆಗೂ ತೆಗೆಯಲಿಲ್ಲ. ಎಲ್ಲಿ ನೋವು ಅಂದರೆ, "ಎಡಭುಜದ ಹಿಂದೆ. ಇರುವೆ ಸಾಲು ಹೋದ ಹಾಗೆ" ಅಂದಳು. ಮೊನ್ನೆ ಬಂದಿದ್ದ ಪುಸ್ತಕದಂಗಡಿಯವಳಿಗೂ ಎಡಭುಜವೇ. ಇಡೀ ಭುಜ ಹುಡುಕಿದೆ. ಏನೂ ಇಲ್ಲ. ನಾದಿದ ಹಿಟ್ಟು.

ಮಾಲೀಶು ಅಂದರೆ ಮಾಯಮಂತ್ರ ಅಲ್ಲ. ಮುರಿದ ಮೂಳೆ ಕೂಡಲ್ಲ, ಜ್ವರ ಇಳಿಯಲ್ಲ, ಕೆಂಪಗೆ ಊದಿಕೊಂಡಿದ್ದರೆ ಮುಟ್ಟಲೇಬಾರದು. ಅಮ್ಮ ಇದನ್ನು ತಲೆಗೆ ಮೊಟಕಿ ಮೊಟಕಿ ಹೇಳಿದ್ದಳು. ಆದರೆ ದುಡಿದ ಮೈಯಲ್ಲಿ ಗಂಟು ಇರುತ್ತೆ. ಭುಜದಲ್ಲಿ ಕಡಲೆಕಾಳಿನಷ್ಟು, ಮೀನಖಂಡದಲ್ಲಿ ಗೋಲಿಯಷ್ಟು. ಎಣ್ಣೆ ಸವರಿ ಬೆರಳ ತುದಿಯಲ್ಲಿ ಹುಡುಕಬೇಕು. ಎಣ್ಣೆ ಜಾಸ್ತಿಯಾದರೆ ಗಂಟು ಜಾರುತ್ತೆ, ಕಮ್ಮಿಯಾದರೆ ಚರ್ಮ ಉರಿಯುತ್ತೆ. ಸಿಕ್ಕಿದ ಮೇಲೆ ಒತ್ತಿ ಹಿಡಿದು ಸುಮ್ಮನೆ ನಿಲ್ಲಬೇಕು, ತಿಕ್ಕಾಡಬಾರದು. ಅದು ಕರಗುವಾಗ ಮಲಗಿದವರು ಒಂದು ಉದ್ದ ಉಸಿರು ಬಿಡುತ್ತಾರೆ, ಅವರಿಗೇ ಗೊತ್ತಿಲ್ಲದ ಹಾಗೆ. ಆ ಉಸಿರು ಕೇಳಿಸಿದರೆ ನನ್ನ ಕೆಲಸ ಆಯಿತು. ಅವತ್ತು ಅವರಿಗೆ ನಿದ್ದೆ ಬರುತ್ತೆ, ಮರುದಿನ ಕೈ ಮೇಲೆತ್ತಿ ತಲೆ ಬಾಚಿಕೊಳ್ಳುತ್ತಾರೆ.

ಟೋಪಿಯವಳು ಉಸಿರು ಬಿಡಲಿಲ್ಲ. "ತುಂಬಾ ಹಗುರಾಯಿತು ಕಣ್ರೀ" ಅಂತ ಬಾಯಲ್ಲಿ ಹೇಳಿ ಹೋದಳು.

ಗಂಟು ಅವಳ ಭುಜದಲ್ಲಿ ಇಲ್ಲವೋ, ನನ್ನ ಬೆರಳಿಗೆ ಸಿಗುತ್ತಿಲ್ಲವೋ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು.

ಮಾರ್ಚ್ 2

ಆಸ್ಪತ್ರೆಗೆ ಹೋಗಿದ್ದೆ. ಚೆಂಡು ಮೇಡಂ ಕಣ್ಣು ಮುಚ್ಚಿಸಿ ಬಲ ಅಂಗೈಯಲ್ಲಿ ಒಂದೊಂದೇ ಇಟ್ಟಳು. ಬೀಗದ ಕೈ, ಗುಂಡಿ, ಎರಡು ಅಕ್ಕಿಕಾಳು, ಆಮೇಲೆ ಒಂದೇ ಅಕ್ಕಿಕಾಳು. ಎಲ್ಲಾ ಹೇಳಿದೆ. ಮಕ್ಕಳಾಟ. ಬಿಸಿ ತಣ್ಣಗೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ, ಜೋಪಾನ ಅಂದಳು.

"ಇಷ್ಟು ಬೇಗ ಸುಧಾರಿಸಿದ್ದೀರಿ" ಅಂತ ಬೆನ್ನು ತಟ್ಟಿದಳು.

"ಸುಧಾರಿಸಿದ್ದರೆ ಗಂಟು ಯಾಕೆ ಸಿಗಲ್ಲ?" ಅಂದೆ.

ಅವಳು ಚೀಟಿಯಲ್ಲಿ ಮುಂದಿನ ತಾರೀಖು ಬರೆದು ಕೊಟ್ಟಳು. ಯಾರ ಬೆನ್ನು, ಏನು ಕಥೆ ಅಂತ ಅವಳಿಗೇನು ಗೊತ್ತು.

ಮಾರ್ಚ್ 4

ಹೊರಗೆ ನೇತುಹಾಕಿದ ಮಾಲೀಶಿನ ಬೋರ್ಡನ್ನು ಇಳಿಸಿಬಿಡೋಣ ಅಂತ ಸ್ಟೂಲು ತಂದೆ. ತಂಗಿ ನೋಡಿದಳು, ಬಂದು ಸ್ಟೂಲಿನ ಮೇಲೆ ತಾನೇ ಕೂತಳು. ನಾನೂ ಒಳಗೆ ಬಂದೆ.

ಅಂಗಿಯ ಗುಂಡಿ ಬಿದ್ದಿತ್ತು. ಸೂಜಿಗೆ ದಾರ ಪೋಣಿಸಿ ಹಾಕಿಕೊಂಡೆ. ಹೊಲಿಗೆ ಕಲಿಯುವವಳು ಇದ್ದಾಳಲ್ಲ, ಅವಳನ್ನು ಕೇಳಿದರೆ "ಗುಂಡಿ ಇನ್ನೂ ಹೇಳಿಕೊಟ್ಟಿಲ್ಲ" ಅಂದಳು. ಏನು ಹೇಳಿಕೊಡುತ್ತಾನೋ ಆ ದರ್ಜಿ. ದಿನಾ ಬರುವಾಗ ನಿಂಬೆ ಸೋಪಿನ ಘಮಘಮ. ಬಟ್ಟೆ ಹೊಲಿಯೋಕೆ ಮೊಣಕೈವರೆಗೆ ತೊಳೆದುಕೊಳ್ಳಬೇಕೇ?

ಮಾರ್ಚ್ 6

ಇವತ್ತು ಬಂದವಳು ದಪ್ಪಗೆ, ಹಲ್ಲು ಕಿಸಿದುಕೊಂಡೇ ಇರುವವಳು. ಎಲ್ಲಿ ನೋವಮ್ಮ ಅಂದೆ.

"ಎಡಭುಜದ ಹಿಂದೆ. ಇರುವೆ ಸಾಲು ಹೋದ ಹಾಗೆ."

ಈ ಊರಿನ ಇರುವೆಗಳಿಗೆಲ್ಲಾ ಎಡಭುಜವೇ ದಾರಿ. ಬೋರಲು ಮಲಗಿಸಿದೆ. ಬಟ್ಟಲು ತೆಗೆದುಕೊಳ್ಳೋಣ ಅಂತ ಸ್ಟೂಲು ಎಳೆದೆ, ಕಿರ್ ಅಂತು.

"ಅಯ್ಯಮ್ಮಾ" ಅಂದಳು.

"ನಾನಿನ್ನೂ ಮುಟ್ಟೇ ಇಲ್ಲ ಕಣಮ್ಮ."

ಮುಖವನ್ನು ಬೆಂಚಿಗೆ ಒತ್ತಿಕೊಂಡಳು. "ನೋವು ಮೊದಲೇ ಬಂತು" ಅಂದಳು. ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ನಗು ತಡೆಯುತ್ತಿದ್ದಳು.

ಎಬ್ಬಿಸಿ ಕಳಿಸಿದೆ. ಏನೋ ನಡೆಯುತ್ತಿದೆ.

ಮಾರ್ಚ್ 7

ಪೆನ್ನು ಒತ್ತಿ ಒತ್ತಿ ಹಾಳೆ ತೂತಾಗಿದೆ.

ಔಷಧಿ ತರೋಕೆ ಹೋದವಳು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಬಂದು ನಿಂತವರ ಮೈಯಿಂದ ವಾಸನೆ ಬಂತು. ಬೆಳ್ಳುಳ್ಳಿ ಹಾಕಿ ಕುದಿಸಿದ ಸಾಸಿವೆ ಎಣ್ಣೆ, ಇಳಿಸುವ ಮುಂಚೆ ಚಿಟಿಕೆ ಓಮ. ಅದು ಅಮ್ಮನ ಹದ, ಮಂಡಿ ಹಿಡಿದವರಿಗೆ ಮಾತ್ರ. ತಿರುಗಿ ನೋಡಿದರೆ ಕಂಡಕ್ಟರಮ್ಮ. ಮಗಳ ಮನೆಯಲ್ಲಿ ನೆಲೆಸಿದವಳು. ಮೈಮೇಲೆ ಯೂನಿಫಾರಂ, ಹೆಗಲಲ್ಲಿ ಟಿಕೆಟ್ ಚೀಲ.

"ಅಯ್ಯೋ ದೊಡ್ಡಮ್ಮ, ಕೈ ಹೇಗಿದೆ? ನೀವು ನಿಲ್ಲಿಸಿಬಿಟ್ಟಿರಂತಲ್ಲ, ಕೇಳಿ ಬೇಜಾರಾಯ್ತು."

"ಯಾರು ಹೇಳಿದ್ದು?"

"ನಿಮ್ಮ ತಂಗೀನೇ. ಪಾಪ, ದರ್ಜಿ ಅಂಗಡಿ ಹಿಂದಿನ ಕೋಣೇಲಿ ಒಬ್ಬರೇ ಎಲ್ಲರನ್ನೂ ನೋಡ್ತಾರೆ. ಈಗಷ್ಟೇ ಮಂಡಿ ನೀವಿಸಿಕೊಂಡು ಬಂದೆ ನೋಡಿ, ಮೆಟ್ಟಿಲು ಹತ್ತೋಕೆ ಆಗ್ತಿದೆ. ಚಿಕ್ಕಮ್ಮನ ಕೈಯೂ ಪಳಗಿದೆ, ಆದ್ರೆ ನಿಮ್ಮಷ್ಟಿಲ್ಲ ಬಿಡಿ."

ನಿಮ್ಮಷ್ಟಿಲ್ಲ ಬಿಡಿ ಅಂತೆ. ಮೂಗಿಗೆ ತುಪ್ಪ ಸವರಿ ಬಸ್ ಹತ್ತಿದಳು. ನಾನು ಔಷಧಿ ತರದೇ ಮನೆಗೆ ಬಂದೆ.

ನನ್ನ ಹೊಟ್ಟೆಯ ಬೆನ್ನಿಗೇ ಹುಟ್ಟಿದವಳು. ಒಂದೇ ತಟ್ಟೆಯಲ್ಲಿ ಉಂಡವಳು.

ಮಾರ್ಚ್ 8

ಮೇಲೆ ಬರೆದದ್ದನ್ನು ಓದಿದೆ. "ಹೊಟ್ಟೆಯ ಬೆನ್ನಿಗೆ" ಅಂತ ಏನೋ ಗೀಚಿದ್ದೇನೆ. ನನ್ನ ಬೆನ್ನಿಗೇ ಹುಟ್ಟಿದವಳು ಅಂತ ಇರಬೇಕಿತ್ತು. ಕೋಪದಲ್ಲಿ ಭಾಷೆಯೂ ಕಾಲು ಜಾರುತ್ತೆ.

ನಿನ್ನೆ ಅವಳು ಸೋಪಿನ ಘಮ ಹೊತ್ತು ಬಂದಳು. ಬಾಗಿಲಲ್ಲೇ ನಿಲ್ಲಿಸಿದೆ.

"ಹೊಲಿಗೆ ತೋರಿಸು."

"ಯಾವ ಹೊಲಿಗೆ?"

"ಕಂಡಕ್ಟರಮ್ಮನ ಮಂಡಿಗೆ ಹಾಕಿದ್ದೀಯಲ್ಲ, ಅದು."

ಚೀಲ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಒಂದೊಂದಾಗಿ ಹೇಳಿದಳು. ನರ್ಸಮ್ಮನಿಗೆ ವರ್ಗವಾಗಿಲ್ಲ. ಅವತ್ತು ನಾನು ಸುರಿದ ಎಣ್ಣೆ ಸುಡುತ್ತಿತ್ತು. ಅವಳ ಸೊಂಟದ ಮೇಲೆ ಅಂಗೈಯಗಲ ಬೊಕ್ಕೆ ಎದ್ದಿತ್ತು. ನನ್ನ ಮಣಿಕಟ್ಟೂ ಸುಟ್ಟಿತ್ತು, ಮೂರು ಕೆಂಪು ಚುಕ್ಕೆ, ನಾನು ಅದನ್ನು ಸೊಳ್ಳೆ ಕಡಿತ ಅಂದುಕೊಂಡಿದ್ದೆ.

"ಅವತ್ತೇ ಯಾಕೆ ಬೊಗಳಲಿಲ್ಲ?"

"ಬೊಗಳಿದ್ದರೆ ನೀನು ಮತ್ತೆ ಆ ಬಾಗಿಲು ತೆಗೀತಿದ್ದೆಯಾ? ಚೆಂಡು ಹಿಡೀತಿದ್ದೆಯಾ? ಮೂಲೇಲಿ ಕೂತು ಸತ್ತುಹೋಗ್ತಿದ್ದೆ."

"ಅದಕ್ಕೆ ಆ ಇರುವೆ ಸಾಲಿನವರದ್ದೊಂದು ನಾಟಕದ ಕಂಪನಿ ಕಟ್ಟಿದೆ."

"ಅವರು ನನ್ನ ಜೊತೆ ಬೆಳಗ್ಗೆ ವಾಕಿಂಗ್ ಬರೋರು. ನಿನ್ನ ಕೈ ಪಳಗಲಿ ಅಂತ ನಾನೇ ಕೇಳಿಕೊಂಡೆ. ಪಾಪ ಅಂತ ಬಂದರು."

ಪಾಪ. ಐವತ್ತು ವರ್ಷ ನಾನು ಜನರ ಬೆನ್ನು ನೋಡಿ ಪಾಪ ಅಂದಿದ್ದೇನೆ. ನನ್ನನ್ನು ನೋಡಿ ಟೋಪಿಯವಳು ಪಾಪ ಅಂದಳಂತೆ. ನೋವಿಲ್ಲದ ಮೈಯನ್ನು ನನ್ನ ಮುಂದೆ ಮಲಗಿಸಿ, ಅದರಲ್ಲಿ ಗಂಟು ಹುಡುಕುವ ನನ್ನನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು ನನ್ನ ತಂಗಿ. ಗಂಟು ಸಿಗದೆ ಬೆವರಿದ್ದೇನೆ. ಬೋರ್ಡು ಇಳಿಸೋಕೆ ಸ್ಟೂಲು ತಂದಾಗಲೂ ಅವಳು ಬಾಯಿ ಬಿಚ್ಚಲಿಲ್ಲ.

ಸುಟ್ಟದ್ದನ್ನು ಹೇಳಿದ್ದರೆ ನಾನೇ ಕೈ ಕಟ್ಟಿ ಕೂರುತ್ತಿದ್ದೆ. ಹೌದು, ಕೂರುತ್ತಿದ್ದೆ. ಆದರೆ ಕೂರೋದು ನಾನು ತಾನೇ? ನಾನು ಏನು ಮಾಡಬೇಕು ಅಂತ ನನ್ನನ್ನು ಬಿಟ್ಟು ಬೀದಿಯವರೆಲ್ಲಾ ಸೇರಿ ತೀರ್ಮಾನ ಮಾಡಿದರು.

ಮಾತು ಬಿಟ್ಟಿದ್ದೇನೆ.

ಮಾರ್ಚ್ 9

ಬರೆಯಲ್ಲ.

ಮಾರ್ಚ್ 12

ನರ್ಸಮ್ಮನ ಮನೆಗೆ ಹೋದೆ. ಹೋಗದೆ ಇರೋಕೆ ಆಗಲಿಲ್ಲ. ಬಾಗಿಲು ತೆಗೆದವಳು ನನ್ನನ್ನು ನೋಡಿ, "ಬಟ್ಟಲು ತಂದಿಲ್ಲ ತಾನೇ?" ಅಂದಳು. ಬೈಯಬೇಕಾದ ಹೆಂಗಸು ತಮಾಷೆ ಮಾಡಿದರೆ ಮುಖ ಎಲ್ಲಿಡೋದು.

"ತೋರಿಸು" ಅಂದೆ. ತೋರಿಸಿದಳು. ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಇನ್ನೂ ಗುಲಾಬಿ. ನಾನು ಮಾಡಿದ್ದು.

"ನೀನೂ ಸುಳ್ಳು ಹೇಳಿದೆಯಲ್ಲೇ. ಡ್ಯೂಟಿ ಅಂತೆ."

"ನಿಮ್ಮ ಮುಖ ನೋಡಿ ಬಾಯಿಗೆ ಅದೇ ಬಂತು. ವರ್ಗ ಮಾತ್ರ ನನ್ನದಲ್ಲ ದೊಡ್ಡಮ್ಮ, ಅದು ನಿಮ್ಮ ತಂಗಿ ಮಾಡಿಸಿದ್ದು. ದಿನಾ ಬಂದು ಮುಲಾಮು ಹಚ್ಚಿ ಹೋಗ್ತಿದ್ರು. ನಾನು ನರ್ಸು, ನನಗೇ."

ಹೋಗೋಣ ಅಂತ ಎದ್ದೆ. ಅವಳು ಹೋಗಗೊಡಲಿಲ್ಲ. ಬೋರಲು ಮಲಗಿದಳು, ಮಂಚದ ಮೇಲೆ. "ಗಾಯ ಬಿಟ್ಟು ಮೇಲೆ ನೋಡಿ. ನಿಮ್ಮ ತಂಗಿ ನೀವಿದರೆ ಕಚಗುಳಿ ಆಗುತ್ತೆ, ಅವರಿಗೆ ಹೇಳಬೇಡಿ."

ಅವಳ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಇತ್ತು. ಬಿಸಿನೀರಲ್ಲಿ ಇಟ್ಟೆ. ಎಡಮಣಿಕಟ್ಟಿನಲ್ಲಿ ನೋಡಿದೆ, ಆಮೇಲೆ ಅವಳ ಕೈಮೇಲೂ ಒಂದು ಹನಿ ಬಿಟ್ಟು ಕೇಳಿದೆ. ಗಾಯದಿಂದ ದೂರ, ಬೆನ್ನುಮೂಳೆಯ ಪಕ್ಕದಲ್ಲಿ ಬೆರಳಿಟ್ಟೆ. ಎರಡನೇ ಸಲ ಸವರಿದಾಗಲೇ ಸಿಕ್ಕಿತು, ಕಡಲೆಕಾಳು. ಅದರ ಕೆಳಗೆ ಇನ್ನೊಂದು, ಅದಕ್ಕಿಂತ ಗಟ್ಟಿ. ಒತ್ತಿ ನಿಂತೆ. ಕಿಟಕಿಯ ಹೊರಗೆ ಯಾರೋ ಸೈಕಲ್ ಪಂಪು ಹೊಡೆಯುತ್ತಿದ್ದರು. ನರ್ಸಮ್ಮ ಉಸಿರು ಬಿಟ್ಟಳು, ಹಾಗೇ ನಿದ್ದೆ ಹೋದಳು.

ದಾರಿಯಲ್ಲಿ ಹೊಳೆಯಿತು, ಹೊಳೆದದ್ದೇ ಕೋಪ ಇನ್ನಷ್ಟು ಏರಿತು. ಆ ಬೆನ್ನುಗಳಲ್ಲಿ ಗಂಟು ಇರಲೇ ಇಲ್ಲ. ಇಲ್ಲ ಅಂತ ನನ್ನ ಬೆರಳು ಅವತ್ತಿಂದ ಹೇಳುತ್ತಲೇ ಇತ್ತು. ನಾನು ಬೆರಳನ್ನು ಸುಳ್ಳುಗಾರ ಅಂದೆ, ತಂಗಿಯನ್ನು ನಂಬಿದೆ.

ಮಾರ್ಚ್ 14

ಮನೆಯಲ್ಲಿ ಇಬ್ಬರೂ ಗೋಡೆ ಜೊತೆ ಮಾತಾಡುತ್ತಿದ್ದೇವೆ. "ಊಟ ಮುಚ್ಚಿಟ್ಟಿದೆ" ಅಂತ ಅವಳು ಗೋಡೆಗೆ ಹೇಳುತ್ತಾಳೆ. "ಹಸಿವಿಲ್ಲ" ಅಂತ ನಾನು ಗೋಡೆಗೆ ಹೇಳುತ್ತೇನೆ. ಆಮೇಲೆ ಉಣ್ಣುತ್ತೇನೆ.

ಬೆಳಗ್ಗೆ ಅವಳು ಹಿತ್ತಲಲ್ಲಿ ಬೆಂಚಿನ ಬಟ್ಟೆ ಒಣಗಿಸುತ್ತಿದ್ದಳು. ನೋಡಬಾರದು ಅಂತಲೇ ಕೂತಿದ್ದೆ. ದೊಡ್ಡ ಬಟ್ಟೆ, ಎರಡು ಕೈ ಬೇಕು. ಅವಳು ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಲಗೈ ಒಂದರಲ್ಲೇ ತಂತಿಗೆ ಎಸೆದಳು. ಎಡಗೈ ಪಕ್ಕೆಗೆ ಅಂಟಿಕೊಂಡಿತ್ತು. ಬಾಗುವಾಗ ತಲೆ ಒಂದು ಪಕ್ಕಕ್ಕೆ ಎಳೆಯಿತು. ಒಂಟಿಯಾಗಿ ಅಷ್ಟು ಜನರನ್ನು ನೀವಿದರೆ ಆಗದೆ ಇರುತ್ತದೆಯೇ? ಭುಜದಿಂದ ಒತ್ತುತ್ತಾಳೆ ಅವಳು, ಸೊಂಟದಿಂದ ಒತ್ತು ಅಂತ ಅಮ್ಮ ಎಷ್ಟು ಬಡಿದರೂ ಕಲಿಯಲಿಲ್ಲ.

ಎಡಭುಜದ ಹಿಂದೆ. ಇರುವೆ ಸಾಲು ಹೋದ ಹಾಗೆ.

ಮೂರು ಜನರಿಗೆ ಸುಳ್ಳು ನೋವು ಹೇಳಿಕೊಡಬೇಕಾಗಿತ್ತು ಇವಳಿಗೆ. ಮೂರು ಬೇರೆ ನೋವು ಕಟ್ಟೋಕೂ ಬರಲಿಲ್ಲ. ತನ್ನದನ್ನೇ ಎಲ್ಲರಿಗೂ ಹಂಚಿದ್ದಾಳೆ. ನನಗೆ ಹೇಳಲಿಲ್ಲ. ಇದೂ ಇನ್ನೊಂದು ಮೋಸ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಬೆಂಚು ನನ್ನದು, ಕೈ ನನ್ನದು, ಮುಂದಿನ ಕೋಣೆಯಲ್ಲಿ ನಾನು ಬೇರೆಯವರ ಇಲ್ಲದ ನೋವು ಹುಡುಕುತ್ತಿದ್ದೆ, ಇರುವ ನೋವು ಗೋಡೆಯಾಚೆ ಎಣ್ಣೆ ಕಾಯಿಸುತ್ತಿತ್ತು.

ಎಣ್ಣೆ ಹಾಕಿ ಮಸಿ ಒರೆಸುವಷ್ಟು ಕೋಪ ಬಂದಿದೆ. ಹಾಗಂದರೆ ಏನು ಅಂತ ನನಗೂ ಗೊತ್ತಿಲ್ಲ.

ಮಾರ್ಚ್ 16

ಈ ಪುಟ ನಿನಗೆ. ಬಾಯಲ್ಲಿ ಹೇಳೋಕೆ ಹೋದರೆ ಜಗಳವಾಗುತ್ತೆ, ನೀನು ಗೋಡೆ ನೋಡುತ್ತೀಯ. ಅದಕ್ಕೇ ಹರಿದು ನಿನ್ನ ಚಾಪೆಯ ಮೇಲೆ ಇಡುತ್ತೇನೆ. ಉಳಿದ ಪುಟ ಮುಟ್ಟಿದರೆ ಕೈ ಮುರೀತೀನಿ.

ನರ್ಸಮ್ಮನ ಬೆನ್ನು ಸುಟ್ಟವಳು ನಾನು. ಅವಳ ಹತ್ತಿರ ಹೋಗಿ ಬಂದೆ, ಅದು ನನ್ನ ಅವಳ ನಡುವಿನದು, ನೀನು ಮುಲಾಮು ಹಚ್ಚೋದು ಇನ್ನು ನಿಲ್ಲಿಸು. ನೀನು ಮಾಡಿದ್ದು ಬೇರೆ. ನನ್ನ ಜನರಿಗೆ ನೀನು, ಅಕ್ಕ ನಿಲ್ಲಿಸಿದಳು ಅಂದೆ. ನನಗೆ ಅವರು ಬಿಟ್ಟುಹೋದರು ಅಂದೆ. ಎರಡು ಕಡೆಯೂ ಸುಳ್ಳು ಹೇಳಿ ನಡುವೆ ನೀನು ಓಡಾಡಿದೆ. ಒಳ್ಳೆಯದಕ್ಕೆ ಮಾಡಿದೆ ಅಂತ ಮತ್ತೆ ಹೇಳಬೇಡ. ಒಳ್ಳೆಯದಕ್ಕೆ ಮಾಡಿದ್ದರೂ ಅದು ಮೋಸವೇ. ನಾನು ಮರೆಯಲ್ಲ, ಮರೆತ ಹಾಗೆ ನಟಿಸೋಕೂ ಬರಲ್ಲ, ನಾಟಕ ನಿಮ್ಮ ಕಡೆಯವರದು.

ದರ್ಜಿಯ ಹಿಂದಿನ ಕೋಣೆ ಮುಚ್ಚು. ಬರುವವರು ಇಲ್ಲಿಗೆ ಬರಲಿ, ನನ್ನ ಕೈಗೆ ಒಪ್ಪುವವರು ನನ್ನ ಹತ್ತಿರ, ಹೆದರುವವರು ನಿನ್ನ ಹತ್ತಿರ. ಎಣ್ಣೆಯ ಬಿಸಿ ನೀನೇ ನೋಡು, ನನ್ನ ಮಣಿಕಟ್ಟು ಇನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಇದನ್ನು ನಾನೇ ಎಲ್ಲರಿಗೂ ಹೇಳುತ್ತೇನೆ. ನೀನು ಬಾಯಿ ಹಾಕಬೇಡ.

ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಆ ಎಡಭುಜ ತೆಗೆದುಕೊಂಡು ನನ್ನ ಬೆಂಚಿಗೆ ಬಂದು ಬೋರಲು ಮಲಗಬೇಕು. "ಏನಿಲ್ಲಕ್ಕ, ಸುಮ್ಮನೆ ಅಕ್ಕ" ಅನ್ನಬಾರದು. ಇದೆಯೋ ಇಲ್ಲವೋ ಅಂತ ನನ್ನ ಬೆರಳು ಹೇಳುತ್ತೆ, ನೀನಲ್ಲ. ದಿನಾ ಬರಬೇಕು, ಕೈ ಮೇಲೆತ್ತಿ ಬಟ್ಟೆ ಒಣಹಾಕುವವರೆಗೆ. ಮಲಗಿದಾಗ ಮಾತಾಡಬಾರದು. ನಾನೂ ಆಡಲ್ಲ, ನನ್ನ ಕೋಪ ಇನ್ನೂ ಇಳಿದಿಲ್ಲ.

ಬರುವುದಿಲ್ಲ ಅಂದರೆ ಹೇಳಿಬಿಡು. ಬೆಂಚು ಎತ್ತಿಕೊಂಡು ನರ್ಸಮ್ಮನ ಮನೆಯ ಹೊರಕೋಣೆಗೆ ಹೋಗುತ್ತೇನೆ, ಅವಳು ಆಗಲಿ ಅಂದಿದ್ದಾಳೆ.

ಬರ್ತೀಯೋ, ಇಲ್ಲವೋ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬೇಕು. ಗೋಡೆಗಲ್ಲ, ನನಗೆ.